ಕಾಳಿ ಅಳಿವೆಗೆ ಯಾವ ರಬ್ಬರ್ ಮೀನು?

ಅಗಲ ಬಾಲದ ನಾಲ್ಕಿಂಚಿನ ರಬ್ಬರ್ ಮೀನು, ಅಂದರೆ ಮೀನು ಹಿಡಿಯಲು ಗಾಳಕ್ಕೆ ಹಾಕುವ ನಕಲಿ ಮೀನು (ಲೂರ್). ಅಂಗಡಿಯಲ್ಲಿ ನೋಡಿದರೆ ಎಲ್ಲಾ ಒಂದೇ ಥರ, ಅಲ್ವಾ? ಕಾರವಾರದ ಕೋಡಿಬಾಗದಲ್ಲಿ ನಿಂತು ಎಸೆದಾಗಲೇ ವ್ಯತ್ಯಾಸ ಗೊತ್ತಾಗುವುದು. ನನ್ನ ಗುರಿ ಚೋಣಕ (ಬಾರಮುಂಡಿ). ತಾಂಬುಸೊ (ರೆಡ್ ಸ್ನ್ಯಾಪರ್) ಸಿಕ್ಕರೆ ಬೇಡ ಅನ್ನುವುದಿಲ್ಲ.

ಮೊದಲು ರೆಡಿಮೇಡ್ ಬಗೆ. ಸೀಸ, ಗಾಳ ಎರಡೂ ಮೈಯೊಳಗೇ ಕೂತಿರುತ್ತವೆ. ಪ್ಯಾಕೆಟ್ ಒಡೆದು ಗಂಟು ಹಾಕಿದರೆ ಕೆಲಸ ಶುರು. ಈಜುವುದೂ ಚಂದ. ತೊಂದರೆ ಇರುವುದು ಪಫರ್ ಮೀನಿನದು. ಅದು ಕಚ್ಚಿದ್ದು ಕೈಗೆ ತಿಳಿಯುವುದೇ ಇಲ್ಲ. ರಾಡ್ ತುದಿಯಲ್ಲಿ ತಟತಟ ಅನ್ನುತ್ತಿದ್ದ ನಡುಕ ಥಟ್ಟನೆ ನಿಂತುಬಿಡುತ್ತದೆ. ಎಳೆದು ನೋಡಿದರೆ ಬಾಲದ ಜಾಗದಲ್ಲಿ ದುಂಡಗೆ ಕತ್ತರಿಸಿದ ಗುರುತು. ಬಾಲ ಹೋದರೆ ಸೀಸ, ಗಾಳದ ಸಮೇತ ಇಡೀ ಮೀನೇ ದಂಡ.

ಜಿಗ್ ಹೆಡ್ (ಗಾಳ ಕೂಡಿಸಿದ ಸೀಸದ ತಲೆ) ಬೇರೆ, ಮೈ ಬೇರೆ ಕೊಂಡರೆ ಈ ನಷ್ಟ ಕಡಿಮೆ. ಮೈ ಕಿತ್ತು ಹೊಸದು ಪೋಣಿಸಿದರಾಯಿತು. ಇಳಿತದ ಸೆಳೆತ ಜೋರಿದ್ದರೆ ಭಾರದ ತಲೆ, ನೀರು ನಿಂತಾಗ ಹಗುರದ್ದು. ನಾನು ಜಾಸ್ತಿ ಬಳಸುವುದು ಇದನ್ನೇ. ಮೈಯನ್ನು ನೆಟ್ಟಗೆ ಪೋಣಿಸಬೇಕು ಅಷ್ಟೇ. ಸ್ವಲ್ಪ ಸೊಟ್ಟಗಾದರೂ ನೀರಲ್ಲಿ ಗಿರಗಿರ ತಿರುಗಿ ದಾರ ಹುರಿಯಾಗುತ್ತದೆ.

ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಹತ್ತಿರ ಜಿಗ್ ಹೆಡ್ ಸುಮ್ನೆ ಖರ್ಚು. ಮುಳ್ಳು ಹೊರಗಿರುವುದರಿಂದ ಎಸೆದಲ್ಲೆಲ್ಲ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ವೀಡ್‌ಲೆಸ್ ಗಾಳವೇ ಸರಿ. ಮುಳ್ಳಿನ ತುದಿ ಮೈಯೊಳಗೆ ಅಡಗಿರುತ್ತದೆ, ಬೇರಿನ ಮೇಲೆ ಜಾರಿ ಬರುತ್ತದೆ. ಮೀನು ಕಚ್ಚಿದಾಗ ಮಾತ್ರ ರಾಡನ್ನು ಗಟ್ಟಿಯಾಗಿ ಎಳೆಯಬೇಕು. ಮೆತ್ತಗೆ ಎಳೆದರೆ ಮುಳ್ಳು ರಬ್ಬರ್ ಸೀಳಿ ಹೊರಗೆ ಬರುವುದೇ ಇಲ್ಲ. ತಾಂಬುಸೊ ಅಂತೂ ಕಚ್ಚಿದ ತಕ್ಷಣ ಬೇರಿನ ಸಂದಿಗೆ ನುಗ್ಗುತ್ತದೆ, ಯೋಚಿಸಲು ಸಮಯ ಕೊಡುವುದಿಲ್ಲ.

ಇನ್ನು ರಬ್ಬರಿನ ಜಾತಿ. ಸಾಮಾನ್ಯವಾಗಿ ಸಿಗುವುದು ಪಿವಿಸಿಯದ್ದು. ಮೆತ್ತಗೆ, ಬಾಲ ನಿಧಾನಕ್ಕೆ ಎಳೆದರೂ ಆಡುತ್ತದೆ, ಬೇಗ ಹರಿಯುತ್ತದೆ. ಝಡ್‌ಮ್ಯಾನ್ ಕಂಪನಿಯ ಎಲಾಜ್‌ಟೆಕ್ ಬೇರೆಯೇ ವಸ್ತು. ಎಷ್ಟು ಎಳೆದರೂ ಹಿಗ್ಗುತ್ತದೆ, ನೀರಲ್ಲಿ ತೇಲುತ್ತದೆ. ತಳದಲ್ಲಿ ಜಿಗ್ ಹೆಡ್ ಕೂತಾಗ ಇದರ ಬಾಲ ಮೇಲೆದ್ದು ನಿಲ್ಲುತ್ತದೆ. ಪಫರ್ ಕಾಟ ಇರುವ ದಿನ ನಾನು ಇದನ್ನೇ ಹಾಕುವುದು. ಬೆಲೆ ಜಾಸ್ತಿ, ಪೋಣಿಸುವುದಕ್ಕೂ ತಾಳ್ಮೆ ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಮಾತ್ರ ಇಡಬೇಡಿ. ಒಂದಕ್ಕೊಂದು ತಾಗಿ ಕರಗುತ್ತವೆ. ಗೆಳೆಯನ ಡಬ್ಬಿ ತೆರೆದರೆ ಒಳಗಿದ್ದದ್ದು ಹಲಸಿನ ಮೇಣದಂಥ ಬಣ್ಣಬಣ್ಣದ ಅಂಟು!

ಬಣ್ಣದ ಬಗ್ಗೆ ನನಗೆ ದೊಡ್ಡ ನಂಬಿಕೆ ಇಲ್ಲ. ಮಳೆಯ ಕೆಂಪು ನೀರಿಗೆ ಬಿಳಿ, ತಿಳಿ ನೀರಿಗೆ ಕಂದು, ಅಷ್ಟೇ.

ಯಾವುದನ್ನೇ ಕಟ್ಟಿ, ಮುಂದೆ ದಪ್ಪ ಲೀಡರ್ ಇರಲಿ, ಅಂದರೆ ಮುಖ್ಯ ದಾರಕ್ಕೂ ಲೂರಿಗೂ ನಡುವೆ ಕಟ್ಟುವ ಗಟ್ಟಿ ದಾರ. ಚೋಣಕದ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಸೇತುವೆ ಕಂಬಕ್ಕೆ ಅಂಟಿದ ಕಲ್ವಾ (ಆಯ್ಸ್ಟರ್) ಚಿಪ್ಪೂ ಹಾಗೇ, ಬರಿ ಬ್ರೇಡ್ (ಹೆಣೆದ ಮುಖ್ಯ ದಾರ) ತಾಗಿದರೆ ಮೀನೂ ಹೋಯಿತು, ಲೂರೂ ಹೋಯಿತು.