ನೀರಿನಲ್ಲಿ ಪೆಟ್ರೋಲ್ ಇಲ್ಲ ಅಂತ ವರದಿ ಬಂತು. ಬೋರ್ ಕೊರೆದದ್ದೇ ತಪ್ಪಾಗಿತ್ತು

ಬಂಕ್ ಪಕ್ಕ ಮನೆ ಇರುವವರು, ಬಾವಿ ನೀರು ಕುಡಿಯುವವರು ದಯವಿಟ್ಟು ಇದನ್ನು ಓದಿ. ನಮ್ಮ ಓಣಿಯ ಎಂಟು ಮನೆಯವರು ಮನೆಗೆ 15 ಸಾವಿರ ಹಾಕಿ ಕಲಿತ ಪಾಠ ಇದು.

ನಮ್ಮದು ಉಡುಪಿ ಕಡೆ, ಹೆದ್ದಾರಿಗೆ ತಾಗಿದ ಓಣಿ. ಓಣಿಯ ತುದಿಗೆ ಹಳೇ ಪೆಟ್ರೋಲ್ ಬಂಕ್. ಜೂನ್ ಮೊದಲ ಮಳೆ ಬಿದ್ದ ವಾರ ಪಕ್ಕದ ಮನೆ ಅಕ್ಕ ಬಾವಿಯಿಂದ ನೀರು ಸೇದಿದವರು ಕೊಡಪಾನ ಅಲ್ಲೇ ಇಟ್ಟು ಕರೆದರು, "ಒಮ್ಮೆ ಮೂಸಿ ನೋಡು ಮಾರಾಯ." ಮೂಸುವುದೇನು, ಕಟ್ಟೆ ಹತ್ತಿರ ಹೋಗುವಾಗಲೇ ಪೆಟ್ರೋಲ್ ವಾಸನೆ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಪೈಪ್‌ಲೈನ್ ಸೋರಿ ಮನೆಗಳ ಬೋರ್‌ನಲ್ಲಿ ಎಣ್ಣೆ ಬಂದ ಸುದ್ದಿ ಓದಿದ್ದೆ. ನಮ್ಮ ಬಾವಿಗೂ ಅದೇ ಗತಿ ಬರುತ್ತದೆ ಅಂತ ಎಣಿಸಿರಲಿಲ್ಲ.

ಬಂಕಿನವರು "ನಮ್ಮ ಟ್ಯಾಂಕ್ ಸರಿ ಇದೆ, ಬೇಕಾದರೆ ಟೆಸ್ಟ್ ಮಾಡಿಸಿಕೊಳ್ಳಿ" ಅಂದರು. ಸರಿ, ನೆಲದೊಳಗಿನ ನೀರು ಪರೀಕ್ಷಿಸಲು ಬೋರ್ (ಮಾನಿಟರಿಂಗ್ ಬೋರ್ ಅಂತಾರೆ) ಹೊಡೆಸೋಣ ಅಂತ ಒಬ್ಬ ಕಾಂಟ್ರಾಕ್ಟರ್‌ನನ್ನು ಹಿಡಿದೆವು. "ಮಾನಿಟರಿಂಗ್ ಬೋರ್ ತಾನೇ, ಎಷ್ಟೋ ಹೊಡೆದಿದ್ದೇವೆ" ಅಂದ. ಬೋರ್ ಲಾರಿ ತಂದು 180 ಅಡಿ ಕೊರೆದ. ಮೇಲಿನ 60 ಅಡಿಗೆ ತೂತಿಲ್ಲದ ಕೇಸಿಂಗ್ ಇಳಿಸಿದ. ತಳದಿಂದ ನೀರು ಚೆನ್ನಾಗಿ ಚಿಮ್ಮಿತು, ನಮಗೂ ಖುಷಿ. ಅದೇ ದಿನ ಅದೇ ನೀರನ್ನು ಮಿನರಲ್ ವಾಟರ್ ಬಾಟಲಿಯಲ್ಲಿ ಮುಕ್ಕಾಲು ತುಂಬಿಕೊಂಡ. ಬಾಟಲಿ ಎರಡು ದಿನ ಅವನ ಕಾರಿನ ಸೀಟಿನ ಮೇಲೆ ಬಿಸಿಲಲ್ಲಿ ಬಿದ್ದಿತ್ತು ಅಂತ ಗೊತ್ತಾದದ್ದು ಆಮೇಲೆ.

ವರದಿ ಬಂತು: ಬೆಂಜೀನ್ (ಪೆಟ್ರೋಲ್ ಒಳಗಿರುವ ವಿಷಕಾರಿ ರಾಸಾಯನಿಕ) ಪತ್ತೆಯಾಗಿಲ್ಲ. ಬಂಕಿನವರು ಅದರ ಫೋಟೋ ತೆಗೆದುಕೊಂಡರು. ಅಕ್ಕ ಮತ್ತೆ ಬಾವಿ ನೀರಲ್ಲಿ ಅನ್ನ ಮಾಡಲು ಶುರು ಮಾಡಿದರು. ವಾಸನೆ ಮಾತ್ರ ಹಾಗೇ ಇತ್ತು.

ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ವರದಿ ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಬಾವಿಯಲ್ಲಿ ನೀರು ಎಷ್ಟು ಅಡಿಗಿದೆ?" ಇಪ್ಪತ್ತು ಅಂದೆ. "ಪೆಟ್ರೋಲ್ ನೀರಿಗಿಂತ ಹಗುರ, ತೇಲುತ್ತದೆ. ಅದು ಇರೋದು 20 ಅಡಿಯಲ್ಲಿ. ನೀವು ಅದನ್ನು ಕೇಸಿಂಗ್ ಹಾಕಿ ಹೊರಗಿಟ್ಟು, ಕೆಳಗಿನ ಬಂಡೆಯ ನೀರು ತೆಗೆದಿದ್ದೀರಿ." ನಾವು ಕೊಟ್ಟ ದುಡ್ಡು ಕಣ್ಣ ಮುಂದೆ ಬಂತು. ಇನ್ನೊಂದು, ಬೆಂಜೀನ್ ಬಹಳ ಬೇಗ ಗಾಳಿಗೆ ಹಾರುವ ವಸ್ತು. ಬೋರ್ ಲಾರಿಯ ಕಂಪ್ರೆಸರ್ ಗಾಳಿಯಲ್ಲಿ ಚಿಮ್ಮಿದ ನೀರು, ಅರೆಬರೆ ತುಂಬಿದ ಬಾಟಲಿ, ಬಿಸಿಲು. ಏನಾದರೂ ಸ್ವಲ್ಪ ಇದ್ದಿದ್ದರೂ ಲ್ಯಾಬ್ ತಲುಪುವಷ್ಟರಲ್ಲಿ ಹಾರಿಹೋಗುತ್ತಿತ್ತು.

ಎರಡನೇ ಸಲ ಮೇಷ್ಟ್ರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡೆವು. ಒಂದರ ಬದಲು ಮೂರು ಬೋರ್, ತ್ರಿಕೋನದ ಹಾಗೆ. ಮೂರರ ನೀರಿನ ಮಟ್ಟ ಹೋಲಿಸಿದರೆ ತಾನೇ ನೆಲದೊಳಗೆ ನೀರು ಯಾವ ಕಡೆ ಹರಿಯುತ್ತಿದೆ ಅಂತ ತಿಳಿಯೋದು. ಆಳ ಬರೀ 36 ಅಡಿ. ನಮ್ಮಲ್ಲಿ ಮಳೆಗಾಲದಲ್ಲಿ ನೀರು 12 ಅಡಿಗೆ ಏರುತ್ತದೆ, ಮೇ ತಿಂಗಳಲ್ಲಿ 30ಕ್ಕೆ ಇಳಿಯುತ್ತದೆ. ಅದಕ್ಕೇ 8 ಅಡಿಯಿಂದ ತಳದವರೆಗೆ ಸೀಳು ಇರುವ ಪೈಪ್. ಪೈಪಿಗೆ ಗಮ್ ಹಚ್ಚಲಿಲ್ಲ, ತಿರುಪಿನ ಜೋಡಣೆ. ಗಮ್‌ನ ರಾಸಾಯನಿಕವೇ ಪರೀಕ್ಷೆಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದಂತೆ. ಸುತ್ತ ಮರಳು, ಅದರ ಮೇಲೆ ಬೆಂಟೊನೈಟ್. ಅರ್ತಿಂಗ್ ಗುಂಡಿಗೆ ಹಾಕುತ್ತಾರಲ್ಲ, ಒದ್ದೆಯಾದರೆ ಉಬ್ಬುವ ಜೇಡಿ, ಅದೇ. ಮೇಲಿನ ಕೊಳೆನೀರು ಪೈಪಿನ ಪಕ್ಕದಿಂದ ಇಳಿಯದ ಹಾಗೆ ಅದು ತಡೆಯುತ್ತದೆ.

ಒಂದು ವಾರ ಬಿಟ್ಟು ಸ್ಯಾಂಪಲ್. ಬಂಕಿಗೆ ಹತ್ತಿರದ ಬೋರ್‌ಗೆ ಪಾರದರ್ಶಕ ಬೇಲರ್ (ನೀರು ಎತ್ತುವ ಉದ್ದ ಕೊಳವೆ) ಮೆಲ್ಲಗೆ ಇಳಿಸಿ ಎತ್ತಿದರು. ನೀರಿನ ಮೇಲೆ ಎರಡು ಬೆರಳು ದಪ್ಪ ಪೆಟ್ರೋಲ್ ನಿಂತಿತ್ತು! ಅಕ್ಕ ನೋಡಿ ಮಾತೇ ಆಡಲಿಲ್ಲ. ಉಳಿದೆರಡರಲ್ಲಿ ಪೈಪಲ್ಲಿ ನಿಂತ ನೀರಿನ ಮೂರು ಪಟ್ಟು ಹೊರಗೆ ತೆಗೆದು (ಎರಡಿಂಚಿನ ಪೈಪಲ್ಲಿ ಮೀಟರಿಗೆ ಸುಮಾರು 2 ಲೀಟರ್), ಆಮೇಲೆ 40 ಮಿಲಿಯ ಗಾಜಿನ ಸೀಸೆಗೆ ತುಂಬಿದರು. ಲ್ಯಾಬ್ ತಲುಪುವವರೆಗೆ ಬೆಂಜೀನ್ ಕೆಡದಿರಲಿ ಅಂತ ಸೀಸೆಯಲ್ಲಿ ಮೊದಲೇ ಆ್ಯಸಿಡ್ ಹಾಕಿತ್ತು. ಮುಚ್ಚಿ ತಲೆಕೆಳಗು ಮಾಡಿ ತಟ್ಟಿದರೆ ಒಂದು ಗುಳ್ಳೆಯೂ ಕಾಣಬಾರದು. ಕಂಡರೆ ಮತ್ತೆ ಹೊಸ ಸೀಸೆ. ಐಸ್ ಪೆಟ್ಟಿಗೆಯಲ್ಲಿಟ್ಟು ಅವತ್ತೇ ಕಳಿಸಿದರು, ಜೊತೆಗೆ ಶುದ್ಧ ನೀರಿನ ಒಂದು ಸೀಸೆ, ದಾರಿಯಲ್ಲಿ ಏನಾದರೂ ಸೇರಿತೇ ಅಂತ ನೋಡಲು. ಅದರ ಹೊಗೆಯೂ ಸ್ಯಾಂಪಲ್ ಕೆಡಿಸಬಹುದು ಅಂತ ಹತ್ತಿರ ಜನರೇಟರ್ ಹಚ್ಚಲು ಬಿಡಲೇ ಇಲ್ಲ.

ಕುಡಿಯುವ ನೀರಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಎರಡೂ ಸೀಸೆಗಳಲ್ಲಿ ಅದರ ಹತ್ತಾರು ಪಟ್ಟು ಇತ್ತು.

ಈಗ ಟ್ಯಾಂಕರ್ ನೀರು. ಬಂಕಿನ ಟ್ಯಾಂಕ್ ಅಗೆದು ತೆಗೆಯುವ ಮಾತು ನಡೆದಿದೆ. ಆದರೆ ಆ ಮೊದಲ 180 ಅಡಿ ಬೋರ್ ಇದೆಯಲ್ಲ, ಕೇಸಿಂಗಿನ ಹೊರಗೆ ಅವನು ಏನೂ ತುಂಬಿಸಿರಲಿಲ್ಲ. ಮೇಲಿನ ಪೆಟ್ರೋಲ್ ಕೆಳಗಿನ ಬಂಡೆಗೆ ಇಳಿಯಲು ನಾವೇ ದುಡ್ಡು ಕೊಟ್ಟು ದಾರಿ ಮಾಡಿಸಿದ ಹಾಗಾಗಿದೆ. ಅದಕ್ಕೆ ತಳದಿಂದ ಸಿಮೆಂಟ್ ಹಾಲು ತುಂಬಿಸಿ ಮುಚ್ಚಬೇಕು, ಅದೂ ಮಳೆಗೆ ಮೊದಲು. ಮತ್ತೆ ಎಂಟು ಮನೆಯಿಂದ ದುಡ್ಡು ಎತ್ತುತ್ತಿದ್ದೇವೆ.