ಆರ್ಥೋಟಿಕ್‌ಗೆ ಒಗ್ಗುವ ಶೂ ಯಾವುದು? ಆರು ಜೊತೆ ಹಾಕಿ ನೋಡಿದ ಲೆಕ್ಕ

ಆರ್ಥೋಟಿಕ್ (ಪಾದಕ್ಕೆ ಆಧಾರ ಕೊಡಲು ಶೂ ಒಳಗೆ ಇಟ್ಟುಕೊಳ್ಳುವ ಹಾಸು) ಕೈಗೆ ಬಂದ ದಿನ ಮನೆಯಲ್ಲಿದ್ದ ಶೂಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಒಂದೊಂದರೊಳಗೂ ತುರುಕಿ ನೋಡಿದೆ. ಎರಡರಲ್ಲಿ ಕಾಲೇ ಒಳಗೆ ಹೋಗಲಿಲ್ಲ. ಹೋದವುಗಳಲ್ಲಿ ಹಿಮ್ಮಡಿ ಮೇಲೆದ್ದು ಕೂತು, ಹೆಜ್ಜೆ ಹೆಜ್ಜೆಗೂ ಕಳಚಿಕೊಳ್ಳುತ್ತಿತ್ತು. ಲೇಸ್ ಇಲ್ಲದ ಲೋಫರ್ ಅಂತೂ ನಾಲ್ಕನೇ ಹೆಜ್ಜೆಗೆ ಕಾಲು ಬಿಟ್ಟು ಹಿಂದೆಯೇ ಉಳಿಯಿತು. ಅದರ ಬಗ್ಗೆ ಇಷ್ಟೇ ಸಾಕು: ಆರ್ಥೋಟಿಕ್ ಹಾಕುವವರಿಗೆ ಲೋಫರ್ ಅಲ್ಲ.

ಆಮೇಲಿನ ಹತ್ತು ತಿಂಗಳಲ್ಲಿ ಆರು ಬಗೆಯ ಶೂ ಕೊಂಡೆ. ಎರಡನ್ನು ದಾನ ಮಾಡಿದೆ, ಒಂದನ್ನು ಮರಳಿಸಿದೆ, ಮೂರು ಉಳಿದಿವೆ. ಹೋಲಿಸುವ ಮೊದಲು ನನ್ನ ಆರ್ಥೋಟಿಕ್ ಎಂಥದ್ದು ಅಂತ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ. ಬೆಳಗ್ಗೆ ಹಾಸಿಗೆ ಬಿಟ್ಟು ಇಡುವ ಮೊದಲ ಹೆಜ್ಜೆಗೇ ಮೊಳೆ ತುಳಿದಂತಾಗುವ ಹಿಮ್ಮಡಿ ನೋವು ನನ್ನದು. ಅದಕ್ಕೆ ಪಾದದ ಅಚ್ಚು ತೆಗೆದು ಮಾಡಿಕೊಟ್ಟದ್ದು ಸುಮಾರು 3 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್ ಚಿಪ್ಪು. ಮೇಲೆ ಬೆರಳ ತುದಿಯವರೆಗೂ ತೆಳು ಹೊದಿಕೆ, ಹಿಮ್ಮಡಿಯ ಕೆಳಗೆ ಚಿಪ್ಪು ಅಲುಗದಂತೆ ಅಂಟಿಸಿದ ಅಡಿಗಟ್ಟು. ಎಲ್ಲ ಸೇರಿ ಹಿಮ್ಮಡಿ ಆರೇಳು ಮಿ.ಮೀ. ಎತ್ತರಕ್ಕೆ ಹೋಗುತ್ತೆ. ಬೆರಳುಗಳ ಬುಡಕ್ಕಿಂತ ಹಿಂದೆಯೇ ಮುಗಿಯುವ ಮುಕ್ಕಾಲು ಉದ್ದದ್ದೂ ಸಿಗುತ್ತೆ. ಅದು ಬೆರಳ ಜಾಗ ತಿನ್ನುವುದಿಲ್ಲ, ಆದರೆ ಶೂ ಒಳಗೆ ಮುಂದಕ್ಕೆ ಜಾರುವ ಚಾಳಿ ಇದೆ.

ನಾನು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವುದೇ. "ಒಳಗೆ ಬಿಗಿ ಆಗ್ತಿದೆಯಾ? ಒಂದು ನಂಬರ್ ದೊಡ್ಡದು ತಗೊಳ್ಳಿ" ಅಂದರು, ತಗೊಂಡೆ. ಬ್ರಿಟನ್, ಅಮೆರಿಕದ ಅಳತೆಯಲ್ಲಿ ಒಂದು ನಂಬರ್ ಅಂದರೆ ಇಂಚಿನ ಮೂರನೇ ಒಂದು ಪಾಲು, ಸುಮಾರು 8.5 ಮಿ.ಮೀ. ಯುರೋಪಿನ ಅಳತೆಯಲ್ಲಿ ಸುಮಾರು 6.7 ಮಿ.ಮೀ. ಇವೆರಡೂ ಉದ್ದದ ಲೆಕ್ಕ. ನನಗೆ ಬೇಕಾಗಿದ್ದದ್ದು ಆಳ. ಉದ್ದ ಹೆಚ್ಚಿದರೆ ಮುಂದೆ ಖಾಲಿ ಜಾಗ ಬರುತ್ತೆ, ಹಿಮ್ಮಡಿ ಸಡಿಲವಾಗುತ್ತೆ, ಅದಕ್ಕಿಂತ ಕೆಟ್ಟದ್ದೆಂದರೆ ಶೂ ಮಡಚುವ ಗೆರೆ ನಮ್ಮ ಬೆರಳ ಬುಡದಿಂದ ಮುಂದಕ್ಕೆ ಸರಿದುಬಿಡುತ್ತೆ. ಕಾಲು ಒಂದು ಕಡೆ ಬಾಗುತ್ತೆ, ಶೂ ಇನ್ನೊಂದು ಕಡೆ. ಹಾಗಾಗಿ ಈ ಆರನ್ನೂ ಕೊನೆಗೆ ನಾನು ಅಳೆದದ್ದು ಮೂರೇ ಪ್ರಶ್ನೆಯಿಂದ: ಒಳಗಿನ ಇನ್ಸೋಲ್ (ಶೂ ಜೊತೆಗೇ ಬರುವ ಹಾಸು) ಕಿತ್ತರೆ ಎಷ್ಟು ಆಳ ಸಿಗುತ್ತೆ, ಕಿತ್ತ ಮೇಲೆ ತಳ ಸಪಾಟಾಗಿದೆಯಾ, ಹಿಮ್ಮಡಿಯನ್ನು ಹಿಂಭಾಗ ಹಿಡಿಯುತ್ತಾ.

ಮೊದಲು ಕೊಂಡದ್ದು ದಪ್ಪ ಫೋಮ್ ಅಟ್ಟೆಯ ಮೆತ್ತನೆ ಶೂ. ಅಂಗಡಿಯಲ್ಲಿ ಹಾಕಿಕೊಂಡು ಎರಡು ಸುತ್ತು ನಡೆದಾಗ, ಇಷ್ಟು ದಿನ ಯಾಕೆ ನರಳಿದೆ ಅನ್ನಿಸಿತು. ಅದು ಅದರದೇ ಇನ್ಸೋಲ್ ಇದ್ದಾಗಿನ ಸುಖ. ಆ ಇನ್ಸೋಲ್ ತೆಗೆದು ಗಟ್ಟಿ ಚಿಪ್ಪು ಇಟ್ಟ ಮೇಲೆ ಕಥೆ ಬೇರೆ. ಹಾಸಿಗೆಯ ಮೇಲೆ ಮಣೆ ಹಾಕಿ ಅದರ ಮೇಲೆ ನಿಂತರೆ ಹೇಗಿರುತ್ತೆ, ಹಾಗೆ. ನನ್ನ ಪಾದ ಒಳಮಗ್ಗುಲಿಗೆ ವಾಲುವಂಥದ್ದು. ಮೂರನೇ ವಾರಕ್ಕೆ ಒಳಮಗ್ಗುಲಿನ ಫೋಮ್ ಕುಗ್ಗಿ, ಚಿಪ್ಪು ಅದರ ಜೊತೆಗೇ ವಾಲಿತು. ಕಾಲನ್ನು ನೆಟ್ಟಗೆ ನಿಲ್ಲಿಸಲು ಮಾಡಿದ ವಸ್ತುವೇ ವಾಲಿದರೆ ಏನು ಬಂತು? ಒಂದು ಮಾತು ಮಾತ್ರ ಅದರ ಪರವಾಗಿ ಹೇಳಬೇಕು: ಮುಂಭಾಗ ತೊಟ್ಟಿಲ ಹಾಗೆ ಬಾಗಿರುವ ಅಟ್ಟೆ ಹೆಬ್ಬೆರಳ ಕೀಲು ಗಟ್ಟಿಯಾದವರಿಗೆ ನಿಜಕ್ಕೂ ಆರಾಮ, ಬೆರಳು ಮಡಚುವ ಕೆಲಸವನ್ನು ಅಟ್ಟೆಯೇ ಮಾಡಿಕೊಡುತ್ತೆ. ನನ್ನ ತೊಂದರೆ ಅದಲ್ಲ.

ಅದರಿಂದ ಪಾಠ ಕಲಿತವನಂತೆ ಎದುರು ತುದಿಗೆ ಹೋದೆ. ಎರಡನೆಯದು ಪಾದ ಒಳಕ್ಕೆ ವಾಲದಂತೆ ಒಳಮಗ್ಗುಲಲ್ಲಿ ಗಟ್ಟಿ ಫೋಮ್ ಕೂರಿಸಿದ, 'ಸ್ಟೆಬಿಲಿಟಿ' ಅಂತ ಮಾರುವ ಶೂ. ಆಳ ಚೆನ್ನಾಗಿತ್ತು, ಹಿಮ್ಮಡಿ ಭದ್ರ. ಆದರೆ ವಾಲುವುದನ್ನು ತಡೆಯುವ ಕೆಲಸ ಆರ್ಥೋಟಿಕ್ ಆಗಲೇ ಮಾಡುತ್ತಿದೆ, ಶೂ ಕೂಡ ಅದನ್ನೇ ಮಾಡಿದರೆ ಒಂದೇ ಜ್ವರಕ್ಕೆ ಎರಡು ಡೋಸ್ ಮಾತ್ರೆ ನುಂಗಿದ ಹಾಗೆ. ಭಾರ ಕಿರುಬೆರಳ ಕಡೆಗೆ ಹೋಯಿತು, ಹತ್ತು ದಿನಕ್ಕೆ ಹೊರಗಿನ ಕಣಕಾಲು ನೋಯತೊಡಗಿತು. ಆರ್ಥೋಟಿಕ್ ತೆಗೆದು ಬರೀ ಆ ಶೂ ಹಾಕಿದರೆ ಏನೂ ತೊಂದರೆ ಇಲ್ಲ. ಅಂದರೆ ಶೂ ಕೆಟ್ಟದ್ದಲ್ಲ, ಜೋಡಿ ಕೆಟ್ಟದ್ದು.

ಮೂರನೆಯದು ಹಿಮ್ಮಡಿಯೂ ಬೆರಳೂ ಒಂದೇ ಮಟ್ಟದಲ್ಲಿರುವ, ಮುಂಭಾಗ ಪಾದದ ಆಕಾರದಲ್ಲೇ ಅಗಲವಾಗಿರುವ ಬಗೆ. ಬೆರಳುಗಳಿಗೆ ಇಷ್ಟು ಸುಖ ಬೇರೆ ಯಾವ ಶೂವಿನಲ್ಲೂ ಸಿಗಲಿಲ್ಲ. ತಳವೂ ಸಪಾಟು, ಚಿಪ್ಪು ಸರಿಯಾಗಿ ಕೂರುತ್ತಿತ್ತು. ಆದರೆ ಸಾಮಾನ್ಯ ಓಟದ ಶೂಗಳಲ್ಲಿ ಹಿಮ್ಮಡಿ ಬೆರಳಿಗಿಂತ 8ರಿಂದ 12 ಮಿ.ಮೀ. ಎತ್ತರದಲ್ಲಿರುತ್ತೆ, ವರ್ಷಗಟ್ಟಲೆ ಅದಕ್ಕೇ ಒಗ್ಗಿದ ಮೀನಖಂಡ ಇದ್ದಕ್ಕಿದ್ದಂತೆ ಹಿಗ್ಗಬೇಕಾಗಿ ಬಂತು. ಮೀನಖಂಡ ಬಿಗಿದರೆ ಹಿಮ್ಮಡಿಯಿಂದ ಬೆರಳ ಬುಡದವರೆಗಿನ ಅಂಗಾಲಿನ ಪಟ್ಟಿಯ ಮೇಲೂ ಎಳೆತ ಬೀಳುತ್ತೆ. ಮೊಳೆ ತುಳಿದಂಥ ಆ ಬೆಳಗಿನ ನೋವು ಮರಳಿ ಬಂತು. ನಿಧಾನವಾಗಿ ಅಭ್ಯಾಸ ಮಾಡಿಕೊಂಡಿದ್ದರೆ ಆಗುತ್ತಿತ್ತೇನೋ. ನೋಯುತ್ತಿರುವ ಕಾಲಿಗೆ ಆ ತಾಳ್ಮೆ ಎಲ್ಲಿಂದ ತರೋಣ?

ನಿಜವಾದ ಪೈಪೋಟಿ ಇದ್ದದ್ದು ಮುಂದಿನ ಎರಡರ ನಡುವೆ.

ಒಂದು, ಆರ್ಥೋಟಿಕ್‌ಗೆಂದೇ ಹೆಚ್ಚು ಆಳ ಕೊಟ್ಟು ಮಾಡಿದ ಚರ್ಮದ ನಡಿಗೆ ಶೂ. ಇಂಥವುಗಳಲ್ಲಿ ಮಾಮೂಲಿಗಿಂತ ಕಾಲಿಂಚಿನಿಂದ ಅರ್ಧ ಇಂಚು ಹೆಚ್ಚು ಆಳ ಇರುತ್ತೆ. ನನ್ನದರಲ್ಲಿ ಒಂದರ ಮೇಲೊಂದು ಎರಡು ಪದರ ಇದ್ದವು. ಉತ್ಸಾಹದಲ್ಲಿ ಎರಡನ್ನೂ ಕಿತ್ತೆ, ಪಾದ ಬಾವಿಗಿಳಿದ ಹಾಗೆ ಕೆಳಗಿಳಿದು ಮೇಲ್ಚರ್ಮ ಸುಕ್ಕುಗಟ್ಟಿತು. ತೆಳುವಾದ ಕೆಳಪದರವನ್ನು ವಾಪಸ್ ಇಟ್ಟು ಅದರ ಮೇಲೆ ಆರ್ಥೋಟಿಕ್ ಕೂರಿಸಿದಾಗ ಅಳತೆ ಕೊಟ್ಟು ಹೊಲಿಸಿದಷ್ಟು ಸರಿಹೋಯಿತು. ಇನ್ನೊಂದು, ಯಾವ ತಿದ್ದುಪಡಿಯೂ ಇಲ್ಲದ ಸಾದಾ ಓಟದ ಶೂ, ಸ್ವಲ್ಪ ಗಟ್ಟಿ ಫೋಮ್‌ನದು, ಅಗಲದ ಅಳತೆಯಲ್ಲಿ. ನ್ಯೂ ಬ್ಯಾಲೆನ್ಸ್, ಬ್ರೂಕ್ಸ್‌ನಂಥ ಕಂಪನಿಗಳು ಒಂದೇ ಮಾದರಿಯನ್ನು ಹಲವು ಅಗಲಗಳಲ್ಲಿ ಮಾಡುತ್ತವೆ. ಗಂಡಸರಲ್ಲಿ 'ಡಿ' ಮಾಮೂಲಿ, '2ಇ' ಅಗಲ, '4ಇ' ಇನ್ನೂ ಅಗಲ. ಹೆಂಗಸರಲ್ಲಿ 'ಬಿ' ಮಾಮೂಲಿ, 'ಡಿ' ಅಗಲ. ನಂಬರ್ ಅದೇ ಇಟ್ಟುಕೊಂಡು 'ಡಿ'ಯಿಂದ '2ಇ'ಗೆ ಹೋದೆ. ಒಂದು ನಂಬರ್ ದೊಡ್ಡದು ಕೊಂಡು ಸಿಗದಿದ್ದದ್ದು ಇಲ್ಲಿ ಸಿಕ್ಕಿತು.

ನಿಂತೇ ಕೆಲಸ ಮಾಡುವ ದಿನ, ಸಂಜೆ ಹೊತ್ತಿಗೆ ಪಾದ ಊದಿದಾಗ, ಚರ್ಮದ ಶೂ ಮೇಲುಗೈ. ಬೆರಳ ಮೇಲೆ ಎಲ್ಲೂ ಒತ್ತುವುದಿಲ್ಲ. ನಡೆಯುವ ದಿನ ಓಟದ ಶೂ, ಏಕೆಂದರೆ ಚರ್ಮದ್ದು ಭಾರ, ನಾಲ್ಕು ಕಿಲೋಮೀಟರ್ ಆದ ಮೇಲೆ ತೊಡೆ ಲೆಕ್ಕ ಕೇಳುತ್ತೆ. ನೋಟದ ವಿಷಯ ಬಿಡಿ, ಚರ್ಮದ್ದನ್ನು ಹಾಕಿಕೊಂಡು ಹೋದರೆ ಎಲ್ಲರೂ ಆರೋಗ್ಯ ವಿಚಾರಿಸುತ್ತಾರೆ. ಒಂದೇ ಜೊತೆ ಇಟ್ಟುಕೋ ಅಂದರೆ ನಾನು ಅಗಲದ ಓಟದ ಶೂವನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಬೆರಳು ಮಡಚಿಕೊಂಡು ಗಂಟಾಗಿರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ನನ್ನ ಮಾತು ಕೇಳಬೇಡಿ, ಹೆಚ್ಚು ಆಳದ್ದನ್ನೇ ಮೊದಲು ನೋಡಿ. ಸ್ಪರ್ಶ ಇಲ್ಲದ ಕಾಲಿಗೆ 'ಕಚ್ಚುತ್ತಿಲ್ಲ' ಅನ್ನುವುದು ಸಾಕ್ಷಿಯಲ್ಲ. ಶೂ ಬಿಚ್ಚಿ ಕೆಂಪಾಗಿದೆಯಾ ಅಂತ ಕಣ್ಣಲ್ಲೇ ನೋಡಬೇಕು.

ಆರನೆಯದು ಫಾರ್ಮಲ್, ಅದರಲ್ಲಿ ಆಕ್ಸ್‌ಫರ್ಡ್, ಡರ್ಬಿ ಅಂತ ಎರಡು ಬಗೆ. ಇಲ್ಲಿ ಹೆಸರು ನೋಡುವುದಕ್ಕಿಂತ ಲೇಸ್ ಕಟ್ಟುವ ಜಾಗ ನೋಡಿ. ಆಕ್ಸ್‌ಫರ್ಡ್‌ನಲ್ಲಿ ಲೇಸ್‌ನ ಎರಡು ರೆಕ್ಕೆಗಳು ಮುಂಭಾಗದ ಚರ್ಮದ ಕೆಳಗೆ ಹೊಲಿದುಕೊಂಡಿರುತ್ತವೆ, ಅದರ ಬಾಯಿ ತೆರೆಯುವುದು ಅಷ್ಟಕ್ಕಷ್ಟೇ. ಡರ್ಬಿಯಲ್ಲಿ ರೆಕ್ಕೆಗಳು ಮೇಲಿನಿಂದ ಹೊಲಿದದ್ದು, ಪೂರ್ತಿ ಬಿಚ್ಚಿಕೊಳ್ಳುತ್ತವೆ, ಉಬ್ಬಿದ ಪಾದಕ್ಕೂ ಜಾಗ ಕೊಡುತ್ತವೆ. ಇನ್ಸೋಲ್ ಕಿತ್ತು ಬರುವ ಡರ್ಬಿ ಹುಡುಕುವುದೇ ಕಷ್ಟ, ಬಹಳಷ್ಟರಲ್ಲಿ ಅಂಟಿಸಿಬಿಟ್ಟಿರುತ್ತಾರೆ. ನನಗೆ ಒಂದು ಸಿಕ್ಕಿತು, ಮದುವೆ-ಮೀಟಿಂಗಿಗೆ ಸಾಕು.

ಅಂಗಡಿಗೆ ಹೋಗುವುದು ಸಂಜೆ ಇರಲಿ, ಪಾದ ಆಗ ದೊಡ್ಡದಾಗಿರುತ್ತೆ. ಆರ್ಥೋಟಿಕ್ ಮತ್ತು ದಿನಾ ಹಾಕುವ ಕಾಲುಚೀಲ ಜೊತೆಯಲ್ಲಿರಲಿ. ಶೂ ಕೈಗೆ ಬಂದ ತಕ್ಷಣ ನಾನು ಮೊದಲು ಇನ್ಸೋಲ್ ಎಳೆದು ನೋಡುತ್ತೇನೆ, ಬರದಿದ್ದರೆ ಅಲ್ಲಿಗೇ ಮುಗಿಯಿತು. ಬಂದ ಇನ್ಸೋಲನ್ನು ನೆಲದ ಮೇಲಿಟ್ಟು ನಿಂತರೆ ಪಾದ ಅಂಚು ದಾಟಿ ಹೊರಗೆ ಚೆಲ್ಲುತ್ತಾ ಗೊತ್ತಾಗುತ್ತೆ. ಚೆಲ್ಲಿದರೆ ಅಗಲ ಸಾಲದು. ಆಮೇಲೆ ಒಳಗೆ ಕೈ ಹಾಕಿ ತಳ ಸವರುತ್ತೇನೆ. ಕೆಲವು ಶೂಗಳಲ್ಲಿ ಇನ್ಸೋಲ್ ಕಿತ್ತ ಮೇಲೂ ಕಮಾನಿನ ಜಾಗದಲ್ಲಿ ಉಬ್ಬು ಉಳಿದಿರುತ್ತೆ, ಅದರ ಮೇಲೆ ಚಿಪ್ಪು ಏತದ ಹಾಗೆ ಆಡುತ್ತೆ. ಹಿಂಭಾಗವನ್ನು ಹೆಬ್ಬೆರಳಿಂದ ಒತ್ತಿದರೆ ಸುಲಭಕ್ಕೆ ಕುಸಿಯಬಾರದು. ಬಗ್ಗಿಸಿದರೆ ಬೆರಳ ಬುಡದಲ್ಲಿ ಮಡಚಬೇಕು, ನಡುವೆ ಅಲ್ಲ. ಬಟ್ಟೆ ಹಿಂಡುವಂತೆ ತಿರುಚಿದರೆ ತಡೆ ಸಿಗಬೇಕು. ಕೊನೆಗೆ ಆರ್ಥೋಟಿಕ್ ಇಟ್ಟು, ಹಾಕಿಕೊಂಡು, ಉದ್ದದ ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿದಿದೆಯಾ ನೋಡಿ. ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕಂತಿಲ್ಲ, ನನ್ನದು ಎರಡನೆಯದು.

ಹಿಮ್ಮಡಿ ಇನ್ನೂ ಕೊಂಚ ಜಾರುತ್ತಿದ್ದರೆ ಶೂ ವಾಪಸ್ ಕೊಡುವ ಮೊದಲು ಲೇಸ್ ಬದಲಿಸಿ ನೋಡಿ. ಓಟದ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಯಾರೂ ಮುಟ್ಟದ ಒಂದು ತೂತು ಇರುತ್ತೆ. ಲೇಸನ್ನು ಅದೇ ಮಗ್ಗುಲಿನ ಆ ತೂತಿಗೆ ಹಾಕಿ ಪುಟ್ಟ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯಲ್ಲಿ ತೂರಿಸಿ ಬಿಗಿದರೆ ಹಿಮ್ಮಡಿ ಹಿಂದಕ್ಕೆ ಕೂರುತ್ತೆ. ಹೊಸ ಆರ್ಥೋಟಿಕ್ ಆದರೆ ಮೊದಲ ದಿನ ಒಂದೆರಡು ಗಂಟೆ ಸಾಕು, ದಿನಕ್ಕೊಂದು ಗಂಟೆ ಏರಿಸುತ್ತ ಹೋಗಿ. ನಾನು ಮೊದಲ ದಿನವೇ ಬೆಳಗಿಂದ ರಾತ್ರಿವರೆಗೆ ಹಾಕಿಕೊಂಡು ಮರುದಿನ ಇಡೀ ಕುಂಟಿದೆ.

ಇನ್ನೊಂದು ಕಿರಿಕಿರಿ ಯಾರೂ ಮೊದಲೇ ಹೇಳಿರಲಿಲ್ಲ. ಪ್ಲಾಸ್ಟಿಕ್ ಚಿಪ್ಪು ಶೂ ತಳಕ್ಕೆ ಉಜ್ಜಿ ಹೆಜ್ಜೆಗೊಮ್ಮೆ ಕೀಂಯ್ ಅನ್ನುತ್ತೆ. ಎಲ್ಲರೂ ಗಂಭೀರವಾಗಿ ಮಾತು ಕೇಳುತ್ತಿದ್ದ ಸಭೆಯಲ್ಲಿ ನಾನು ಎದ್ದು ಹೊರಗೆ ಹೋಗಿ ಬಂದ ಇಪ್ಪತ್ತು ಹೆಜ್ಜೆ ಇವತ್ತಿಗೂ ಮರೆತಿಲ್ಲ. ಚಿಪ್ಪಿನ ಕೆಳಗೆ ಒಂದು ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ. ವಾರಕ್ಕೊಮ್ಮೆ ಸಾಕು.