‘ಸೆಟ್’ ಅಂದರೆ ‘ಹೊಂದಿಸಿ’ ಅನ್ನುವ ಡಿಕ್ಷನರಿ ಆ್ಯಪ್: ಐದಕ್ಕೆ ಎರಡೂವರೆ

ಎರಡು ಸ್ಟಾರ್ ಆ್ಯಪಿಗೆ, ಉಳಿದ ಅರ್ಧ ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ ಅನ್ನೋದಕ್ಕೆ. ಮಳೆಗಾಲದಲ್ಲಿ ಸೋಮವಾರಪೇಟೆ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಆಗ ನೆಟ್ ಬೇಕು ಅನ್ನುವ ಆ್ಯಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೆಸರು ಹಾಕಲ್ಲ. ಇದೇ ಜಾತಿಯ ಇಂಗ್ಲಿಷ್-ಕನ್ನಡ ಆ್ಯಪ್‌ಗಳು ಬೇಕಾದಷ್ಟಿವೆ, ಇದೊಂದನ್ನೇ ಹಿಡಿದು ಬೈಯೋದು ಸರಿಯಲ್ಲ.

ಡಿಕ್ಷನರಿ ಹೇಗಿದೆ ಅಂತ ನೋಡೋಕೆ ಕಷ್ಟದ ಪದ ಹುಡುಕಬೇಡಿ. ಉದ್ದನೆಯ ಪದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ, ಅದನ್ನು ಯಾವ ಆ್ಯಪ್ ಆದರೂ ಹೇಳುತ್ತದೆ. ಸುಮ್ನೆ ‘ಸೆಟ್’ ಅಂತ ಹಾಕಿ. ಮೂರೇ ಅಕ್ಷರ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿ 20 ಸಂಪುಟ. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದು ಇದೇ ಪದಕ್ಕೆ, ಬರೀ ಕ್ರಿಯಾಪದಕ್ಕೇ 430 ಅರ್ಥ. ಆಮೇಲೆ ಅವರು ಹೊಸದಾಗಿ ತಿದ್ದುವಾಗ ‘ರನ್’ 645 ಅರ್ಥ ಮಾಡಿಕೊಂಡು ಇದನ್ನು ಹಿಂದೆ ಹಾಕಿತು. ಇಂಥ ಪದದ ಮುಂದೆ ಆ್ಯಪಿನ ಬಂಡವಾಳ ತಕ್ಷಣ ಬಯಲಾಗುತ್ತದೆ.

ಇದು ಕೊಟ್ಟಿದ್ದು: ಹೊಂದಿಸು, ಗುಂಪು, ಗಣ, ಸ್ಥಾಪಿಸು, ಮುಳುಗು, ಗಟ್ಟಿಯಾಗು. ಯಾವುದೂ ತಪ್ಪಲ್ಲ. ಆದರೆ ಯಾವುದು ಎಲ್ಲಿಗೆ ಅಂತ ಒಂದು ಉದಾಹರಣೆ ವಾಕ್ಯವೂ ಇಲ್ಲ. ಸ್ಕೂಲಿನ ಹುಡುಗಿಗೆ ಗಣಿತದ ‘ಗಣ’ ಸಿಕ್ಕಿತು, ಅವಳಿಗೆ ಖುಷಿ. ಉಳಿದವರು ಏನು ಮಾಡಬೇಕು?

ಇನ್ನೊಂದು ವಿಷಯ ಆ್ಯಪ್ ಹೇಳಬಹುದಿತ್ತು, ಹೇಳಿಲ್ಲ. ಇಲ್ಲಿ ಒಂದೇ ಸ್ಪೆಲ್ಲಿಂಗಿನಲ್ಲಿ ಎರಡು ಬೇರೆ ಬೇರೆ ಪದ ಕೂತಿವೆ. ಒಂದು ಹಳೆಯ ಇಂಗ್ಲಿಷಿನ ‘ಸೆಟ್ಟನ್’, ಅಂದರೆ ಕೂರಿಸು. ಇನ್ನೊಂದು ಗುಂಪು ಅನ್ನುವ ಅರ್ಥದ್ದು, ಲ್ಯಾಟಿನ್ನಿನ ‘ಸೆಕ್ಟ’ದಿಂದ ಹಳೆಯ ಫ್ರೆಂಚ್ ದಾಟಿ ಬಂದಿದ್ದು. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಉಂಗುರದಲ್ಲಿ ಹರಳು ಕೂರಿಸೋದು, ಕೆರೆ ಬದಿಯಲ್ಲಿ ಮೋಟಾರ್ ಕೂರಿಸೋದು, ಗಾರೆ ಗಟ್ಟಿಯಾಗಿ ಕೂರೋದು ಎಲ್ಲ ಒಂದು ಮನೆಯವು. ಸೆಟ್ ದೋಸೆ ಎರಡನೇ ಮನೆಯದು. ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಅನ್ನೋದು ಮಾತ್ರ ನಮ್ಮದೇ, ಅದಕ್ಕೆ ಇಂಗ್ಲಿಷಿನವರ ಅಪ್ಪಣೆ ಬೇಕಿಲ್ಲ.

ಈಗ ನನಗೆ ನಿಜವಾಗಿ ಬೇಕಾಗಿದ್ದ ವಿಷಯಕ್ಕೆ ಬರುತ್ತೇನೆ. ಕಾಫಿ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಒಂದು ಸಲಹಾ ಹಾಳೆ, ಬ್ಯಾಕಿಂಗ್ ಶವರ್ ತಡವಾದರೆ ಫ್ರೂಟ್ ಸೆಟ್ ಪೂರ್ ಆಗುತ್ತದೆ ಅಂತ ಅದರಲ್ಲಿ ಒಂದು ಸಾಲು. ಆ್ಯಪಿನಲ್ಲಿ ಇಡೀ ವಾಕ್ಯ ಹಾಕಿ ಅನುವಾದ ಮಾಡಿಸೋ ಗುಂಡಿ ಇದೆ. ಒತ್ತಿದೆ. ‘ಬೆಂಬಲದ ಸ್ನಾನ ವಿಳಂಬವಾದರೆ ಬಡ ಹಣ್ಣಿನ ಸೆಟ್’ ಅಂತ ಬಂತು! ತೋಟದ ಲೆಕ್ಕ ಬರೆಯುವ ರೈಟರ್ ಓದಿ, “ಸಾರ್, ಹಣ್ಣಿಗೂ ಬಿಪಿಎಲ್ ಕಾರ್ಡ್ ಮಾಡಿಸೋಣ್ವಾ?” ಅಂದ.

ನಗು ಬಂದರೂ ಆ ಸಾಲು ನಗೋ ವಿಷಯದ್ದಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ ಬರಬೇಕು, ಇಲ್ಲದಿದ್ದರೆ ಸ್ಪ್ರಿಂಕ್ಲರ್ ಹಚ್ಚಬೇಕು. ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ರೊಬಸ್ಟಾ ಜಾತಿಯ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟೋದಿಲ್ಲ, ಬೇರೆ ಗಿಡದ ಪರಾಗ ಬೇಕು, ಗಾಳಿಯೋ ಜೇನೋ ತಂದು ಕೊಡಬೇಕು. ಹೂ ಅರಳಿದ ದಿನವೇ ಮಳೆ ಹೊಯ್ದರೆ ಆ ಕೆಲಸ ಕೆಡುತ್ತದೆ. ಹೂ ಮುಗಿದ ಮೇಲೆ ಇನ್ನೊಂದು ಮಳೆ ಬೇಕು, ಅದೇ ಬ್ಯಾಕಿಂಗ್ ಶವರ್. ಅದು ಸಿಗದಿದ್ದರೆ ಕಾಯಿ ಸರಿಯಾಗಿ ಕಚ್ಚೋದಿಲ್ಲ. ಫ್ರೂಟ್ ಸೆಟ್ ಅಂದರೆ ಇಷ್ಟೇ, ಕಾಯಿ ಕಚ್ಚುವುದು. ಬೆಳೆಗಾರರ ಬಾಯಲ್ಲಿ ದಿನಾ ಓಡಾಡುವ ಮಾತು, ಆ್ಯಪ್ ಮಾಡಿದವರ ಕಿವಿಗೆ ಬಿದ್ದಿಲ್ಲ ಅಷ್ಟೇ. ಮುಂಗಾರು ಶುರುವಾಗುತ್ತದೆ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸೆಟ್ಸ್ ಇನ್’ ಹಾಕಿದರೂ ‘ಮಾನ್ಸೂನ್ ಹೊಂದಿಸುತ್ತದೆ’ ಅನ್ನುತ್ತದೆ. ಜೂನಿನಲ್ಲಿ ಮಡಿಕೇರಿಗೆ ಬಂದು ನೋಡಲಿ, ಏನು ಹೊಂದಿಸುತ್ತದೆ ಅಂತ.

ತಿರುವಿ ಕನ್ನಡದಿಂದಲೂ ನೋಡಿದೆ. ನಮ್ಮ ‘ಕಟ್ಟು’ ಏನು ಕಡಿಮೆಯದಲ್ಲ. ಮನೆ ಕಟ್ಟು, ಫೀಸು ಕಟ್ಟು, ದನ ಕಟ್ಟು, ತಾಳಿ ಕಟ್ಟು. ‘ಮೂಗು ಕಟ್ಟಿದೆ’ ಅಂತ ಹಾಕಿದ್ದಕ್ಕೆ ‘ನೋಸ್ ಈಸ್ ಬಿಲ್ಟ್’ ಅಂದಿತು. ಅಂದರೆ ಇಂಗ್ಲಿಷಿನ ಮೇಲೆ ಮಾತ್ರ ಅದಕ್ಕೆ ಸಿಟ್ಟು ಅಂತಲ್ಲ.

ಒಳ್ಳೆಯದು ಇಲ್ಲವೇ ಅಂದರೆ, ಇದೆ. ಉಚ್ಚಾರಣೆ ಸ್ಪಷ್ಟ. ಫಾಂಟ್ ದೊಡ್ಡದು ಮಾಡಬಹುದು, ಕನ್ನಡಕ ಮರೆತವರಿಗೂ ಕಾಣುತ್ತದೆ. ಹುಡುಕಿದ್ದೆಲ್ಲ ಒಂದು ಕಡೆ ಉಳಿಯುತ್ತದೆ. ಜಾಹೀರಾತು ಮಾತ್ರ ವಿಪರೀತ ಜಾಸ್ತಿ, ಅದು ಬೇಡ ಅಂದರೆ ವರ್ಷಕ್ಕೆ ಇಂತಿಷ್ಟು ಕೊಡಿ ಅನ್ನುತ್ತಾರೆ. ದುಡ್ಡು ಕೊಟ್ಟರೆ ಅರ್ಥ ಹೆಚ್ಚಾಗಲ್ಲ, ಜಾಹೀರಾತು ಹೋಗುತ್ತದೆ ಅಷ್ಟೇ. ಅದೇ ದುಡ್ಡಿಗೆ ಗೋಣಿಕೊಪ್ಪದಲ್ಲೋ ಮಡಿಕೇರಿಯಲ್ಲೋ ಪುಸ್ತಕದ ಅಂಗಡಿಗೆ ಹೋಗಿ, ಉದಾಹರಣೆ ವಾಕ್ಯ ಇರುವ ಒಂದು ದಪ್ಪ ನಿಘಂಟು ತಗೊಳ್ಳೋದು ವಾಸಿ. ತಗೊಳ್ಳುವ ಮೊದಲು ಅಲ್ಲೇ ನಿಂತು ‘ಸೆಟ್’ ಇರುವ ಪುಟ ತೆರೆದು ನೋಡಿ. ಆ ಪದಕ್ಕೆ ಕಾಲು ಪುಟವೂ ಇಲ್ಲದಿದ್ದರೆ ವಾಪಸ್ ಇಡಿ.

ಮಕ್ಕಳ ಹೋಂವರ್ಕಿಗೆ, ಸ್ಪೆಲ್ಲಿಂಗಿಗೆ ಈ ಆ್ಯಪ್ ಇರಲಿ. ಔಷಧಿ ಡಬ್ಬದ ಲೇಬಲ್, ಬ್ಯಾಂಕಿನ ಸಾಲಪತ್ರ ಇದನ್ನು ನಂಬಿ ಓದಬೇಡಿ. ಸಾಲಪತ್ರದಲ್ಲಿ ‘ರೈಟ್ ಆಫ್ ಸೆಟ್ ಆಫ್’ ಅಂತ ಒಂದು ಮಾತು ಬರುತ್ತದೆ. ನೀವು ಕಂತು ಕಟ್ಟದಿದ್ದರೆ ಅದೇ ಬ್ಯಾಂಕಿನಲ್ಲಿರುವ ನಿಮ್ಮ ಠೇವಣಿಯಿಂದ ಸಾಲಕ್ಕೆ ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗೆ ಇದೆ ಅಂತ ಅದರ ಅರ್ಥ. ಆ್ಯಪ್ ಪ್ರಕಾರ ಅದು ‘ಹೊರಡುವ ಹಕ್ಕು’.